ಬೀಳುವುದನ್ನಲ್ಲ, ಏಳುವುದನ್ನು ನೋಡಿ

ಪ್ರಿಯ ಗೆಳತಿ,

ಅಮೆರಿಕದ ಕುಣಿತಗಾರರಾದ ನಿಕೋಲಸ್ ಸೋದರರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಹಳೇ ಹಾಲಿವುಡ್ ಮ್ಯೂಸಿಕಲ್, ಹಾಡು-ಕುಣಿತದ ಸಿನಿಮಾ ಅಂದ್ರೆ ಎಲ್ಲರೂ ಫ್ರೆಡ್ ಆಸ್ಟೇರ್, ಜೀನ್ ಕೆಲ್ಲಿ ಅಂತ ಶುರು ಮಾಡುತ್ತಾರೆ. ನೀವು ಐದು ನಿಮಿಷ ಕುಣಿದು ಮರೆಯಾಗುವವರನ್ನು ಹಿಡಿದಿದ್ದೀರಿ, ಖುಷಿಯಾಯ್ತು. ಆದರೆ ಮೊದಲ ಪ್ಯಾರಾದಲ್ಲೇ 'ಅದ್ಭುತ' ನಾಲ್ಕು ಸಲ, 'ಮಿಂಚಿನಂತೆ' ಎರಡು ಸಲ. ಎಣಿಸಿದೆ, ಬೇಜಾರು ಮಾಡ್ಕೋಬೇಡಿ.

ನಾನೂ ಮಾಡಿದವನೇ. ಚಿಕ್ಕ ವಯಸ್ಸಲ್ಲಿ ಇಂಥದೇ ಲೇಖನ ಬರೆದಿದ್ದೆ, ಅದೂ ಸಿನಿಮಾ ನೋಡದೆ. ಯಾರೋ ಬರೆದದ್ದಕ್ಕೆ ನನ್ನ ಬಣ್ಣ ಬಳಿದಿದ್ದೆ. ಅಚ್ಚೂ ಆಯ್ತು. ವರ್ಷಗಳ ಮೇಲೆ ಆ ಕುಣಿತ ನೋಡಿದಾಗ ಕಿವಿ ಬಿಸಿಯಾಯ್ತು. ನಾನು ಬರೆದದ್ದು ಒಂದೂ ಅಲ್ಲಿರಲಿಲ್ಲ.

ಅವರು ಕುಣಿದಿರುವ 1943ರ ಸಿನಿಮಾ 'ಸ್ಟಾರ್ಮಿ ವೆದರ್' ಇನ್ನೊಂದು ಸಲ ಹಾಕಿ. ಈ ಸಲ ಸೌಂಡ್ ಆಫ್ ಮಾಡಿ. ಅಣ್ಣ ಫೇಯಾರ್ಡ್, ತಮ್ಮ ಹೆರಾಲ್ಡ್, ಗಾಯಕ ಕ್ಯಾಬ್ ಕ್ಯಾಲೊವೇಯ ತಂಡದ ವಾದ್ಯಗಾರರ ನಡುವೆ ಕಟ್ಟೆಯಿಂದ ಕಟ್ಟೆಗೆ ನೆಗೆಯುತ್ತಾರೆ, ಪಿಯಾನೊ ಹತ್ತುತ್ತಾರೆ. ಆಮೇಲೆ ಆ ದೊಡ್ಡ ದೊಡ್ಡ ಮೆಟ್ಟಿಲು. ಒಬ್ಬ ಮೆಟ್ಟಿಲ ಮೇಲೆ ಸ್ಪ್ಲಿಟ್‌ಗೆ ಇಳಿಯುತ್ತಾನೆ, ಒಂದು ಕಾಲು ಮುಂದೆ, ಒಂದು ಹಿಂದೆ. ಇನ್ನೊಬ್ಬ ಅವನ ತಲೆ ದಾಟಿ ಹಾರಿ ಕೆಳಗಿನ ಮೆಟ್ಟಿಲಲ್ಲಿ ಹಾಗೇ ಬೀಳುತ್ತಾನೆ. ಈಗ ಮೇಲಿನವನ ಸರದಿ. ಹೀಗೇ ಕೆಳಗಿನತನಕ. ಬೀಳುವುದನ್ನು ಎಲ್ಲರೂ ಬರೀತಾರೆ. ನೀವು ಏಳುವುದನ್ನು ನೋಡಿ. ಕೈ ಊರುವುದಿಲ್ಲ. ಚಾಚಿದ ಕಾಲುಗಳನ್ನೇ ಒಳಗೆಳೆದುಕೊಂಡು ನೆಟ್ಟಗೆ ನಿಲ್ಲುತ್ತಾರೆ. ಕಷ್ಟ ಇರುವುದು ಅಲ್ಲಿ. ಮುಖ ನೋಡಿದರೆ ಕಷ್ಟದ ಸುಳಿವೇ ಇಲ್ಲ, ಅಲ್ವಾ?

ಅಭ್ಯಾಸ ಬೇಡ, ಸುಮ್ನೆ ಮಾಡಿಬಿಡಿ ಅಂತ ನೃತ್ಯ ನಿರ್ದೇಶಕ ನಿಕ್ ಕ್ಯಾಸಲ್ ಅಂದರು, ಒಂದೇ ಟೇಕ್‌ನಲ್ಲಿ ಮುಗಿಯಿತು ಅಂತ ಫೇಯಾರ್ಡ್ ಹೇಳುತ್ತಿದ್ದರು. ಇದನ್ನು ಬರೆಯಿರಿ. ಆದರೆ ಆಸ್ಟೇರ್ ಮೆಚ್ಚಿದ ಮಾತಿನಿಂದ ಲೇಖನ ಶುರು ಮಾಡಿದ್ದೀರಲ್ಲ, ಅದನ್ನು ತೆಗೀರಿ. ಸಾಲ ತಂದ ಸರ್ಟಿಫಿಕೇಟ್ ಯಾಕೆ?

ಇನ್ನೊಂದು ಕಡೆ ನೀವು ತುಂಬಾ ಬೇಗ ದಾಟಿದ್ದೀರಿ. 'ಸ್ಪೆಷಾಲಿಟಿ' ಕುಣಿತಕ್ಕೆ, ಅಂದ್ರೆ ಸಿನಿಮಾದ ನಡುವೆ ಬಿಡಿಯಾಗಿ ಬರುವ ಕುಣಿತಕ್ಕೆ, ಕಥೆಯಲ್ಲಿ ಜಾಗ ಇರಲಿಲ್ಲ ಅಂತ ಒಂದೇ ಸಾಲಲ್ಲಿ ಹೇಳಿ ಮುಗಿಸಿದ್ದೀರಿ. ಯಾಕೆ ಇರಲಿಲ್ಲ? ಇವರು ಕರಿಯರು. ಬಿಳಿಯ ತಾರೆಯರ ಚಿತ್ರದಲ್ಲಿ ಬರುತ್ತಿದ್ದರು, ಕುಣಿಯುತ್ತಿದ್ದರು, ಹೋಗುತ್ತಿದ್ದರು. ಕರಿಯರನ್ನು ತೆರೆಯ ಮೇಲೆ ಒಪ್ಪದ ಅಮೆರಿಕದ ದಕ್ಷಿಣದ ಥಿಯೇಟರುಗಳಲ್ಲಿ ಆ ರೀಲಿನ ತುಂಡನ್ನು ಕತ್ತರಿಸಿದರೆ ಕಥೆಗೆ ಏನೂ ಆಗುತ್ತಿರಲಿಲ್ಲ. ಆಗಬಾರದು ಅಂತಲೇ ಹಾಗೆ ಹೊಂದಿಸುತ್ತಿದ್ದರು. 1940ರ 'ಡೌನ್ ಅರ್ಜೆಂಟೈನ್ ವೇ'ಯಲ್ಲಿ ಅವರಿಗೆ ಇದ್ದದ್ದು ಒಂದೇ ಕುಣಿತ, ನೋಡಿ. ಇಲ್ಲೂ ಸಿಟ್ಟಿನ ಮಾತು ಜಾಸ್ತಿ ಬೇಡ. ಕತ್ತರಿ ಎಲ್ಲಿ ಬೀಳುತ್ತಿತ್ತು ಅಂತ ತೋರಿಸಿ, ಸಾಕು.

ಫೇಯಾರ್ಡ್ ಯಾವ ಡಾನ್ಸ್ ಸ್ಕೂಲಿಗೂ ಹೋದವನಲ್ಲ. ಅಪ್ಪ ಅಮ್ಮ ಫಿಲಡೆಲ್ಫಿಯಾದ ಥಿಯೇಟರಿನಲ್ಲಿ ವಾದ್ಯ ನುಡಿಸುತ್ತಿದ್ದರು, ಹುಡುಗ ಅಲ್ಲೇ ಕೂತು ನೋಡಿ ಕಲಿತ. ಇದು ನಿಮ್ಮ ಲೇಖನದ ಕೊನೇ ಪ್ಯಾರಾದಲ್ಲಿ ಅಡಗಿದೆ, ಮೇಲಕ್ಕೆ ತನ್ನಿ.

ಮತ್ತೆ ಬರೆದು ಕಳಿಸಿ. ಅದಕ್ಕೆ ಮೊದಲು 1942ರ 'ಆರ್ಕೆಸ್ಟ್ರಾ ವೈವ್ಸ್' ನೋಡಿ. ಅದರಲ್ಲಿ ಹೆರಾಲ್ಡ್ ಗೋಡೆ ಮೇಲೆ ಓಡಿ ಹಿಂದಕ್ಕೆ ಲಾಗ ಹಾಕಿ ಸ್ಪ್ಲಿಟ್‌ಗೆ ಬೀಳುತ್ತಾನೆ. ಏಳುವಾಗ ಕೈ ನೆಲ ಮುಟ್ಟಿತಾ ಅಂತ ನನಗೆ ಬರೆದು ತಿಳಿಸಿ.

ನಿಮ್ಮ ಹಿರಿಯ ಗೆಳೆಯ