ಚಾಪ್ಲಿನ್ ಸಿನಿಮಾದಲ್ಲಿ ಯೇಸುವನ್ನು ಹುಡುಕುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ಚಾರ್ಲಿ ಚಾಪ್ಲಿನ್ ಹಾಸ್ಯದಲ್ಲಿ ಕ್ರೈಸ್ತ ಭಾವನೆ ಎಲ್ಲಿದೆ ಎಂದು ನೋಡುವುದು ಒಳ್ಳೆಯ ವಿಷಯ, ಕೈಬಿಡಬೇಡ. ಆದರೆ ಮೊದಲ ಪುಟಗಳೆಲ್ಲ 'ದಿ ಕಿಡ್' ಸಿನಿಮಾದ ಒಂದೇ ದೃಶ್ಯಕ್ಕೆ ಹೋಗಿವೆ. ಮದುವೆಯಾಗದ ತಾಯಿ ಮಗುವನ್ನೆತ್ತಿಕೊಂಡು ಆಸ್ಪತ್ರೆಯಿಂದ ಹೊರಗೆ ಬರುತ್ತಾಳೆ. ತಾಯಿಯಾದದ್ದೇ ಅವಳ ಪಾಪ ಎಂದು ತೆರೆಯ ಮೇಲೆ ಬರಹ ಮೂಡುತ್ತದೆ. ಜೊತೆಗೆ ಶಿಲುಬೆ ಹೊತ್ತ ಯೇಸುವಿನ ಚಿತ್ರ. 1921ರಲ್ಲೇ ಚಾಪ್ಲಿನ್ ಬೆರಳು ಮಾಡಿ ತೋರಿಸಿಬಿಟ್ಟಿದ್ದಾನೆ. ಇನ್ನು ನೀನು ಹುಡುಕುವುದು ಏನು ಉಳಿಯಿತು? ನನ್ನ ಮಟ್ಟಿಗೆ ಇಡೀ ಸಿನಿಮಾದಲ್ಲಿ ತೀರಾ ಸಪ್ಪೆ ಜಾಗ ಅದು. ಎರಡು ಸಾಲಿನಲ್ಲಿ ಮುಗಿಸಿ ಮುಂದೆ ಹೋಗು.

ಎಲ್ಲಿಗೆ ಹೋಗಬೇಕು ಅಂತ ಕೇಳಿದರೆ, ನಗು ಜಾಸ್ತಿ ಇರುವ ಕಡೆಗೆ. 1923ರ 'ದಿ ಪಿಲ್ಗ್ರಿಮ್' ಅನ್ನು ನೀನು ಒಂದು ವಾಕ್ಯದಲ್ಲಿ ದಾಟಿಬಿಟ್ಟಿದ್ದೀಯ. ಜೈಲಿನಿಂದ ತಪ್ಪಿಸಿಕೊಂಡ ಕೈದಿ ಪಾದ್ರಿಯ ಬಟ್ಟೆ ಹಾಕಿಕೊಂಡು ಒಂದು ಊರಿಗೆ ಬರುತ್ತಾನೆ. ಊರಿನವರು ಹೊಸ ಪಾದ್ರಿ ಬಂದ ಅಂತ ನೇರ ಚರ್ಚಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಹಾಡುವವರ ಸಾಲು ಕಂಡರೆ ಇವನಿಗೆ ಕೋರ್ಟಿನ ಜ್ಯೂರಿ ನೆನಪಾಗುತ್ತದೆ. ಬೈಬಲ್ ಮೇಲೆ ಕೈಯಿಟ್ಟು ಸಾಕ್ಷಿ ಹೇಳುವವನ ಹಾಗೆ ಇನ್ನೊಂದು ಕೈ ಎತ್ತುತ್ತಾನೆ. ಕಾಣಿಕೆ ಡಬ್ಬಿಗಳು ಬಂದಾಗ ತೂಕ ನೋಡಿ, ಕಮ್ಮಿ ಹಾಕಿದ ಕಡೆಯವರತ್ತ ಒಂದು ನೋಟ ಬೀರುತ್ತಾನೆ! ಪುಟ್ಟ ದಾವೀದ ಕವಣೆಕಲ್ಲಿನಿಂದ ದೈತ್ಯ ಗೊಲ್ಯಾತನನ್ನು ಬೀಳಿಸಿದ ಬೈಬಲ್ ಕಥೆಯನ್ನು ಒಬ್ಬನೇ ಕುಣಿದು ಅಭಿನಯಿಸುತ್ತಾನೆ. ಒಬ್ಬ ಪುಟ್ಟ ಹುಡುಗ ಚಪ್ಪಾಳೆ ತಟ್ಟಿದ್ದೇ ತಡ, ನಾಟಕದವನ ಹಾಗೆ ಬಾಗಿ ಬಾಗಿ ನಮಸ್ಕಾರ ಮಾಡುತ್ತಾನೆ. ಆ ಕಾಲದ ಕೆಲವು ಪಾದ್ರಿಗಳು ಇದನ್ನು ನೋಡಿ ಸಿಟ್ಟಾದರು. ಅದೂ ಸಹಜವೇ ಅನ್ನು.

ಅವರು ಕೊನೆಯ ದೃಶ್ಯವನ್ನು ಸರಿಯಾಗಿ ನೋಡಲಿಲ್ಲ ಅನಿಸುತ್ತದೆ. ಕಳುವಾಗಿದ್ದ ಹಣವನ್ನು ಈ ಕಳ್ಳ ಪಾದ್ರಿ ತಾನು ಉಳಿದುಕೊಂಡಿದ್ದ ಮನೆಯವರಿಗೆ ವಾಪಸ್ ತಂದುಕೊಡುತ್ತಾನೆ. ಇವನು ಯಾರೆಂದು ಶೆರಿಫ್‌ಗೆ, ಅಂದರೆ ಊರಿನ ಪೊಲೀಸ್ ಅಧಿಕಾರಿಗೆ, ಗೊತ್ತು. ಹಿಡಿಯಲೇಬೇಕು, ಮನಸ್ಸು ಬರುವುದಿಲ್ಲ. ಮೆಕ್ಸಿಕೊ ಗಡಿಗೆ ಕರೆದುಕೊಂಡು ಬಂದು, ಆ ಕಡೆ ಹೋಗಿ ಹೂವು ಕಿತ್ತುಕೊಂಡು ಬಾ ಅನ್ನುತ್ತಾನೆ. ಓಡಿಹೋಗು ಅಂತ ಅರ್ಥ. ಇವನು ಹೋಗಿ ನಿಜವಾಗಿಯೂ ಹೂವು ಕಿತ್ತು, ಓಡೋಡಿ ಬಂದು ಶೆರಿಫ್ ಕೈಗೆ ಕೊಡಲು ನೋಡುತ್ತಾನೆ! ಕೊನೆಗೆ ಶೆರಿಫ್ ಅವನನ್ನು ಒದ್ದು ಗಡಿ ದಾಟಿಸಬೇಕಾಗುತ್ತದೆ.

ತಂಗಿ, ಕೃಪೆ ಅಂತ ನೀನು ಎಲ್ಲೆಲ್ಲೋ ಹುಡುಕುತ್ತಿದ್ದೀಯಲ್ಲ, ಇಲ್ಲಿದೆ ನೋಡು. ಕ್ಷಮೆ ಸಿಕ್ಕಿದೆ, ಸಿಕ್ಕಿದ್ದೇ ಅವನಿಗೆ ಗೊತ್ತಿಲ್ಲ. ಬಿಟ್ಟುಬಿಟ್ಟರೂ ವಾಪಸ್ ಬಂದು ಲೆಕ್ಕ ಒಪ್ಪಿಸುತ್ತಾನೆ. ಬೈಬಲ್ಲಿನ ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಅಪ್ಪನ ಆಸ್ತಿಯನ್ನು ಹಾಳುಮಾಡಿಕೊಂಡು ಮನೆಗೆ ಮರಳುವ ಮಗನೂ ಹಾಗೆಯೇ ಅಲ್ವಾ? ಆಳಾಗಿ ಇಟ್ಟುಕೋ ಎಂದು ಕೇಳಲು ಮಾತು ಜೋಡಿಸಿಕೊಂಡು ಬರುತ್ತಾನೆ. ಅಪ್ಪ ಅದನ್ನು ಪೂರ್ತಿ ಹೇಳಲೂ ಬಿಡುವುದಿಲ್ಲ. ಒಂದು ಕಡೆ ಅಪ್ಪಿಕೊಳ್ಳುವುದು, ಇನ್ನೊಂದು ಕಡೆ ಒದೆಯುವುದು. ಆ ಒದೆಯೇ ಪ್ರೀತಿ ಎಂದು ನೀನು ಓದುಗನಿಗೆ ಕಾಣಿಸಬೇಕು. ಇದಕ್ಕೆ ಒಂದು ಪುಟ ಕೊಡು. ಬೈಬಲ್ ಓದದವರೂ ನಿನ್ನ ಲೇಖನ ಓದುತ್ತಾರೆ, ಮಗನ ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳಿಬಿಡು. ಅಧ್ಯಾಯ, ವಚನದ ಸಂಖ್ಯೆಗಳನ್ನು ರಾಶಿ ಹಾಕಬೇಡ.

'ಸಿಟಿ ಲೈಟ್ಸ್' (1931) ಬಗ್ಗೆ ಬರೆದ ಭಾಗದಲ್ಲಿ ನೀನು ಅವಸರ ಮಾಡಿದ್ದೀಯ. ಕುರುಡು ಹುಡುಗಿಗೆ ಕಣ್ಣು ಬಂತು, ಯೋಹಾನನ ಸುವಾರ್ತೆಯಲ್ಲಿ ಯೇಸುವಿನಿಂದ ಹುಟ್ಟುಕುರುಡನಿಗೂ ಬಂತು, ಎರಡೂ ಒಂದೇ ಎಂದು ಬರೆದಿದ್ದೀಯ. ಒಂದೇ ಅಲ್ಲ. ಅವಳ ಆಪರೇಷನ್ನಿಗೆ ಹಣ ಕೊಟ್ಟು ಜೈಲಿಗೆ ಹೋದ ಅಲೆಮಾರಿ (ಚಾಪ್ಲಿನ್ನನ ಪಾತ್ರ) ಹರಕು ಬಟ್ಟೆಯಲ್ಲಿ ಅವಳ ಹೂವಿನ ಅಂಗಡಿಯ ಮುಂದೆ ನಿಲ್ಲುತ್ತಾನೆ. ಕಣ್ಣು ಬಂದ ಹುಡುಗಿ ಅವನನ್ನು ನೋಡಿ ಮೊದಲು ಮಾಡುವ ಕೆಲಸ ಏನು ಹೇಳು? ನಗುತ್ತಾಳೆ. ಆಮೇಲೆ ಅಯ್ಯೋ ಪಾಪ ಎಂದು ಹೂವು, ನಾಣ್ಯ ಕೊಡಲು ಹೊರಗೆ ಬರುತ್ತಾಳೆ. ಕೈ ಮುಟ್ಟಿದಾಗಲೇ ಅವನು ಯಾರೆಂದು ತಿಳಿಯುವುದು. ಕಣ್ಣಿಗೆ ತಿಳಿಯದ್ದು ಕೈಗೆ ತಿಳಿಯಿತು. ಈಗ ನಿನಗೆ ಕಾಣಿಸುತ್ತಾ ಎಂದು ಅವನು ಕೇಳುತ್ತಾನೆ, ಹೌದು, ಈಗ ಕಾಣಿಸುತ್ತದೆ ಎನ್ನುತ್ತಾಳೆ. ಮುಂದೆ ಅವಳು ಅವನನ್ನು ಒಪ್ಪಿದಳೋ ಇಲ್ಲವೋ ಚಾಪ್ಲಿನ್ ಹೇಳುವುದಿಲ್ಲ. ನೀನೂ ಹೇಳಬೇಡ. 'ಪ್ರೀತಿ ಗೆದ್ದಿತು' ಎಂಬ ನಿನ್ನ ಸಾಲನ್ನು ಹೊಡೆದುಹಾಕಿದ್ದೇನೆ.

ಇನ್ನೊಂದು ವಿಷಯ. ಚಾಪ್ಲಿನ್‌ನನ್ನು ಭಕ್ತ ಮಾಡಲು ಹೊರಟಿದ್ದೀಯ. ಅವನು ಹಾಗೆ ಇರಲಿಲ್ಲ, ಸಂಶಯದವನು. ಆದರೆ 1964ರ ಆತ್ಮಕಥೆಯಲ್ಲಿ ಒಂದು ಜಾಗವಿದೆ. ಚಿಕ್ಕವನಿದ್ದಾಗ ಲಂಡನ್ನಿನ ನೆಲಮಾಳಿಗೆ ಕೋಣೆಯಲ್ಲಿ ಜ್ವರದಿಂದ ಚೇತರಿಸಿಕೊಳ್ಳುತ್ತಿರುತ್ತಾನೆ. ತಾಯಿ ಹ್ಯಾನಾ ಕಿಟಕಿಯ ಹತ್ತಿರ ಕೂತು ಬೈಬಲ್ಲಿನ ಹೊಸ ಒಡಂಬಡಿಕೆ, ಅಂದರೆ ಯೇಸುವಿನ ಕಥೆ ಇರುವ ಭಾಗ, ಓದುತ್ತಾಳೆ, ಓದುತ್ತಾ ಅಭಿನಯಿಸುತ್ತಾಳೆ. ಮ್ಯೂಸಿಕ್ ಹಾಲ್‌ನಲ್ಲಿ, ಅಂದರೆ ಹಾಡು, ಹಾಸ್ಯದ ರಂಗಮಂದಿರದಲ್ಲಿ, ಹಾಡುತ್ತಿದ್ದವಳು ಅವಳು. ಹುಡುಗ ಅತ್ತುಬಿಡುತ್ತಾನೆ. ಕ್ರಿಸ್ತ ಅವನಿಗೆ ಸಿಕ್ಕಿದ್ದು ಒಬ್ಬ ಬಡ ನಟಿಯ ನಟನೆಯಲ್ಲಿ. ನಂಬಿಕೆ ಉಳಿಯದಿದ್ದರೂ ಆ ನಟನೆ ಮೈಯಲ್ಲಿ ಉಳಿದಿರಬಹುದು ಎಂದು ನೀನು ಊಹಿಸಬಹುದು. ಊಹೆ ಎಂದು ಹೇಳಿಯೇ ಊಹಿಸು.

ನಮ್ಮ ಕಡೆಯದೂ ಒಂದಿದೆ. 2009ರಲ್ಲಿ ಬೈಂದೂರಿನ ಬಳಿ ಕಡಲ ತೀರದಲ್ಲಿ ಸಿನಿಮಾ ಚಿತ್ರೀಕರಣಕ್ಕೆ 67 ಅಡಿಯ ಚಾಪ್ಲಿನ್ ಪ್ರತಿಮೆ ನಿಲ್ಲಿಸಲು ಹೊರಟಾಗ, ಅವನು ಕ್ರಿಶ್ಚಿಯನ್ ಎಂದು ಹೇಳಿ ಕೆಲವರು ತಡೆದರು. ಅವರೂ ಅವನಿಗೆ ಸುಮ್ನೆ ಒಂದು ಹಣೆಪಟ್ಟಿ ಹಚ್ಚಿದರು. ನೀನು ಪ್ರೀತಿಯಿಂದ ಹಚ್ಚುತ್ತಿದ್ದೀಯ, ಅಷ್ಟೇ ವ್ಯತ್ಯಾಸ. ಬೇಕಿದ್ದರೆ ಇದನ್ನು ಲೇಖನದಲ್ಲಿ ಸೇರಿಸು.

'ದಿ ಪಿಲ್ಗ್ರಿಮ್' ಒಂದು ಗಂಟೆಯೂ ಇಲ್ಲ. ಇನ್ನೊಮ್ಮೆ ನೋಡಿ, ಹೂವಿನ ಭಾಗವನ್ನು ಮೊದಲು ಬರೆದು ಕಳಿಸು. ಫೋಟೊ ತೆಗೆದು ವಾಟ್ಸಾಪ್ ಮಾಡಬೇಡ ಮಾರಾಯ್ತಿ, ಟೈಪ್ ಮಾಡಿದ ಫೈಲ್ ಕಳಿಸು.

ನಿನ್ನ ಅಣ್ಣ