ಕಾಕಾ ಎಣಿಸಿದ 11 ದಿನ

ಮೊನ್ನೆ ಗುರುವಾರ ಗದಗಿನಲ್ಲಿ ನನ್ನ ಸ್ವಂತ ವಕೀಲಿ ಕಚೇರಿ ಆರಂಭವಾಯಿತು. ಬಂದು ಹರಸಿದವರಿಗೆ, ಕಪಾಟು ಮಾಡಿಸಿಕೊಟ್ಟ ಅಣ್ಣನಿಗೆ, ಎಂಟು ವರ್ಷ ಪಾಟೀಸವಾಲು ಕಲಿಸಿದ ನಮ್ಮ ಸೀನಿಯರ್ ಅವರಿಗೆ ಮನಸಾರೆ ವಂದನೆಗಳು.

ಸೀನಿಯರ್ ಅವರ ಗುಮಾಸ್ತರಿಗೆ ಒಂದು ಸಾಲು ಸಾಲದು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಇಂಥ ಸಮಾರಂಭಗಳಲ್ಲಿ ಗುಮಾಸ್ತರನ್ನು ಯಾರೂ ನೆನೆಯುವುದಿಲ್ಲ. ಅದು ನನಗೆ ಸರಿ ಕಾಣುವುದಿಲ್ಲ.

ಒಬ್ಬ ವಿಧವೆಯ ಹೊಲದ ಮೊಕದ್ದಮೆಯ ಕತೆ ಗೆಳೆಯರಿಗೆ ಗೊತ್ತೇ ಇದೆ. ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 90 ದಿನದ ಕಾಲಮಿತಿ. ತೀರ್ಪಿನ ನಕಲು ಕೈಗೆ ಬಂದ ದಿನದಿಂದ ಎಣಿಸಿ, ಡೈರಿಯಲ್ಲಿ ಬರೆದು ನಾನು ನಿಶ್ಚಿಂತಳಾಗಿದ್ದೆ. ಒಂದು ಸಂಜೆ ಕಾಕಾ ಕಡತ ಬಿಚ್ಚಿದವರು ನಕಲಿನ ಕೊನೆಯ ಹಾಳೆ ತಿರುವಿ, ಹಿಂಬದಿಯ ಮೊಹರನ್ನು ದೀಪಕ್ಕೆ ಹಿಡಿದರು. ನಕಲಿಗೆ ಅರ್ಜಿ ಹಾಕಿದ ತಾರೀಖು, ನಕಲು ಸಿದ್ಧವಾದ ತಾರೀಖು. ಬೆರಳ ಗೆಣ್ಣುಗಳ ಮೇಲೆ ಎಣಿಸಿ ಕೇಳಿದರು: “ತಂಗಿ, ಅರ್ಜಿ ಹಾಕುವ ಮೊದಲಿನ 11 ದಿನ ಎಲ್ಲಿ ಹೋದವು?”

ಎಣಿಕೆ ತೀರ್ಪಿನ ದಿನದಿಂದಲೇ ಶುರು; ಕಾಯ್ದೆ ಬಿಟ್ಟುಕೊಡುವುದು ನಕಲು ತಯಾರಾಗಲು ಹಿಡಿದ ದಿನಗಳನ್ನು ಮಾತ್ರ. ಗಡುವು ಮರುದಿನವೇ ಇತ್ತು! ಸೀನಿಯರ್ ಬೆಂಗಳೂರಿನಲ್ಲಿದ್ದರು. ಅವರು ತಿದ್ದಿದ ಕರಡು ಸಿದ್ಧವಿತ್ತು. ಟೈಪು, ಪುಟಸಂಖ್ಯೆ, ಹೊಲಿಗೆ ಎಲ್ಲ ಬಾಕಿ.

ರಾತ್ರಿ ಎರಡರ ಹೊತ್ತಿಗೆ ನನ್ನ ಕೈ ನಿಂತುಹೋಯಿತು. ಆ ವಿಧವೆಯ ಎರಡು ಎಕರೆ ಹೊಲ ನನ್ನಿಂದ ಹೋಗುತ್ತದೆ, ವಕೀಲಿ ಸನ್ನದು ಮರಳಿಸಿಬಿಡುತ್ತೇನೆ ಎಂದು ಅತ್ತುಬಿಟ್ಟೆ. ದಬ್ಬಣಕ್ಕೆ ದಾರ ಪೋಣಿಸುತ್ತಿದ್ದ ಕಾಕಾ ತಲೆ ಎತ್ತಲಿಲ್ಲ. “ಅಳುವುದನ್ನು ನಾಳೆ ಸಂಜೆಗೆ ಇಟ್ಟುಕೋ. ಈಗ 43ನೇ ಪುಟ ಓದು, ನಾನು ತಾಳೆ ನೋಡುತ್ತೇನೆ.” ಓದಿದೆ. ಬೆಳಗಿನ ಮೊದಲ ಬಸ್ಸಿಗೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಇಬ್ಬರೂ ಹೊರಟೆವು. ಕಡತದ ಗಂಟು ಅವರ ತೊಡೆಯ ಮೇಲಿತ್ತು. ಅಂದೇ ಸಲ್ಲಿಕೆಯಾಯಿತು. ಮರಳುವಾಗ ಒಂದೇ ಮಾತು ಹೇಳಿದರು: “ಸಾಹೇಬರಿಗೆ ನಿನ್ನ ತಪ್ಪನ್ನು ನೀನೇ ಹೇಳು. ಇನ್ನೊಬ್ಬರಿಂದ ಅವರ ಕಿವಿಗೆ ಬೀಳಬಾರದು.” ಹೇಳಿದೆ. ಸೀನಿಯರ್ ಅಂದಿನಿಂದಲೇ ನಾನೊಬ್ಬಳೇ ನಡೆಸಲೆಂದು ಕಡತ ಒಪ್ಪಿಸತೊಡಗಿದರು.

ಕಾಕಾ, ಆ ರಾತ್ರಿ ನೀವು ಮನೆಗೆ ಹೋಗಿದ್ದರೆ ನಾನು ಇಂದು ಕರಿ ಕೋಟು ತೊಟ್ಟಿರುತ್ತಿರಲಿಲ್ಲ.

ಗುರುವಾರ ಅವರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಜನ ಚದುರಿದ ಮೇಲೆ ನನ್ನ ಮೇಜಿನ ಮೇಲಿದ್ದ ಮೊದಲ ಕಡತ ಎತ್ತಿಕೊಂಡು, ನಕಲಿನ ಕೊನೆಯ ಹಾಳೆ ತಿರುವಿದರು. ಮೊಹರಿನ ಪಕ್ಕದಲ್ಲಿ ನಾನು ಪೆನ್ಸಿಲಿನಿಂದ ದಿನಗಳನ್ನು ಎಣಿಸಿ ಬರೆದಿದ್ದೆ. ತಲೆಯಾಡಿಸಿ, ಚಹಾ ತರಿಸು ಎಂದರು.