ಮೈಕಿನ ದನಿ 'ಒಡೆಯಿತು' ಎಂದೇ ಬರೆಯಿರಿ

ಮಾನ್ಯ ಸಂಪಾದಕರೇ,

ಜಾತ್ರೆ, ಮೆರವಣಿಗೆ, ಮೈಕು ಎಂದರೆ ಸಾಕು, ಪತ್ರಿಕೆಗಳಲ್ಲಿ 'ಕರ್ಕಶ ಶಬ್ದ' ಎಂದು ಬರೆದುಬಿಡುತ್ತಾರೆ. ಗುಬ್ಬಿಯಲ್ಲಿ 22 ವರ್ಷದಿಂದ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿರುವ ನನಗೆ ಈ ಮಾತಿನ ಮೇಲೆ ತಕರಾರಿದೆ. ನಮ್ಮ ಕೆಲಸದಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ವಯರ್ ಸಡಿಲವಾಗಿದ್ದರೆ 'ಕರಕರ' ಅನ್ನುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ 'ಗುಂಯ್', ಮೈಕು ಸ್ಪೀಕರಿನ ಎದುರಿಗೆ ಹೋದರೆ 'ಕುಂಯ್'. ಇವೆಲ್ಲಕ್ಕಿಂತ ಬೇರೆಯದು ದನಿ ಒಡೆಯುವುದು.

ಆಂಪ್ಲಿಫೈಯರಿಗಾಗಲಿ, ಮೈಕುಗಳ ದನಿಯನ್ನು ಸೇರಿಸುವ ಮಿಕ್ಸರಿಗಾಗಲಿ ಅದು ತಡೆಯುವುದಕ್ಕಿಂತ ಜಾಸ್ತಿ ಸಿಗ್ನಲ್ ಕೊಟ್ಟರೆ ದನಿಯ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಆಗ ಮೂಲ ದನಿಯಲ್ಲಿ ಇಲ್ಲದ ಸದ್ದುಗಳು ಹುಟ್ಟುತ್ತವೆ. ಕಿವಿ ಕೆರೆಯುವುದು ಅವೇ.

ಹೋದ ಬೇಸಿಗೆಯಲ್ಲಿ ಪಕ್ಕದ ಹಳ್ಳಿಯಲ್ಲಿ ಹಗಲು ಪೌರಾಣಿಕ ನಾಟಕವಿತ್ತು. ದುರ್ಯೋಧನನ ಪಾತ್ರದವರು ಕಂದಪದ್ಯ ಎತ್ತಿದ ಕೂಡಲೇ ದನಿ ಒಡೆಯಿತು. ಹಾರ್ಮೋನಿಯಂ ಮೇಷ್ಟ್ರು ನುಡಿಸುವುದು ಬಿಟ್ಟು ನನ್ನ ಕಡೆ ನೋಡಿದರು. ಮುಂದೆ ಕೂತವರು 'ಸೌಂಡ್ ಕಮ್ಮಿ ಮಾಡ್ರೋ' ಎಂದರು. ನಮ್ಮ ಹುಡುಗ ಮಿಕ್ಸರಿನ ಮಾಸ್ಟರ್, ಅಂದರೆ ಹೊರಗೆ ಹೋಗುವ ಒಟ್ಟು ಸದ್ದಿನ ಹಿಡಿತ, ಇಳಿಸಿದ. ಸದ್ದು ಸಣ್ಣಗಾಯಿತು, ಒಡೆದದ್ದು ಮಾತ್ರ ಹಾಗೇ ಇತ್ತು. ಆ ಮೈಕಿನ ಚಾನೆಲ್ಲಿನಲ್ಲಿ ಸಿಗ್ನಲ್ ಜಾಸ್ತಿಯಾಗಿದೆ ಎಂದು ತೋರಿಸುವ ಕೆಂಪು ದೀಪ ಉರಿಯುತ್ತಲೇ ಇತ್ತು. ನಾನು ಹೋಗಿ ಗೇನ್ ತಿರುಪನ್ನು, ಅಂದರೆ ಮೈಕಿನಿಂದ ಒಳಗೆ ಬರುವ ಸಿಗ್ನಲ್ಲನ್ನು ಏರಿಸಿ ಇಳಿಸುವುದನ್ನು, ಹಿಂದಕ್ಕೆ ತಿರುಗಿಸಿದೆ. ದೀಪ ಆರಿತು. ಆಮೇಲೆ ಮಾಸ್ಟರನ್ನು ಮೊದಲಿದ್ದಲ್ಲಿಗೇ ಏರಿಸಿದೆ. ಯಾರೂ ಬೈಯಲಿಲ್ಲ. ಹಿಂದೆ ಕೂತಿದ್ದ ಅಜ್ಜಿಯೊಬ್ಬರು 'ಈಗ ಮಾತು ತಿಳೀತದೆ ಕಣಪ್ಪ' ಎಂದರು.

ಮೊಬೈಲಿಗೆ ಬರುವ ಎಷ್ಟೋ ಧ್ವನಿ ಸಂದೇಶಗಳೂ ಹೀಗೇ ಅಲ್ವಾ? ರೆಕಾರ್ಡ್ ಆಗುವಾಗಲೇ ಒಡೆದಿದ್ದರೆ ಎಷ್ಟು ಮೆಲ್ಲಗೆ ಇಟ್ಟು ಕೇಳಿದರೂ ಒಡೆದೇ ಇರುತ್ತದೆ.

ಜೋರಿಗೆ 2000ದ ಶಬ್ದಮಾಲಿನ್ಯ ನಿಯಮವಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕಿಗೆ ನಿರ್ಬಂಧ, ಮನೆಗಳಿರುವ ಕಡೆ ಹಗಲಿನ ಮಿತಿ 55 ಡೆಸಿಬೆಲ್. ಅದು ಬೇಕೇ ಬೇಕು. ಮಕ್ಕಳು ಓದಬೇಕು, ಕಾಯಿಲೆಯವರು ಮಲಗಬೇಕು. ಆದರೆ ದನಿ ಒಡೆದಿದೆಯೋ ಇಲ್ಲವೋ ಎಂದು ಡೆಸಿಬೆಲ್ ಮೀಟರ್ ಹೇಳುವುದಿಲ್ಲ, ಜನರೇ ಹೇಳಬೇಕು. 'ಒಡೀತಿದೆ' ಅಂದರೆ ಯಾವ ತಿರುಪಿಗೆ ಕೈ ಹಾಕಬೇಕು ಎಂದು ನಮಗೆ ಗೊತ್ತಾಗುತ್ತದೆ. 'ಕರ್ಕಶ' ಅಂದರೆ ಸುಮ್ನೆ ವಾಲ್ಯೂಮ್ ಇಳಿಸಿ ಕೂರುತ್ತೇವೆ.

ಮುಂದಿನ ಜಾತ್ರೆಯ ಸುದ್ದಿ ಬರೆಯುವಾಗ ನಿಮ್ಮ ವರದಿಗಾರರು ಜೋರು ಯಾವುದು, ಒಡೆದದ್ದು ಯಾವುದು ಎಂದು ಬೇರೆ ಮಾಡಿ ಬರೆಯಲಿ. ಅಂಗಡಿಗೆ ಬಂದರೆ ಎರಡನ್ನೂ ಕೇಳಿಸುತ್ತೇನೆ.

– ಮೈಕ್‌ಸೆಟ್ ಅಂಗಡಿಯವರು, ಗುಬ್ಬಿ, ತುಮಕೂರು ಜಿಲ್ಲೆ